ಪಾಯಿಖಾನೆಯ ಬಾಗಿಲಲ್ಲಿ ಒಂದು ಪ್ರಾರ್ಥನೆ

ಹೋದ ವರ್ಷ ಅಪ್ಪನಿಗೆ ಮೂತ್ರ ಕಟ್ಟಿಕೊಂಡಿತ್ತು. ಮೂರು ದಿನ ಟ್ಯೂಬ್ ಹಾಕಿದ್ದರು. ಅದನ್ನು ತೆಗೆದ ದಿನ ನಾವೆಲ್ಲ ಬಾತ್‌ರೂಮಿನ ಹೊರಗೆ ಕಿವಿಗೊಟ್ಟು ನಿಂತಿದ್ದೆವು. ಒಳಗಿಂದ ಸದ್ದು ಕೇಳಿದ್ದೇ ತಡ, ಅಮ್ಮ ಕೈ ಮುಗಿದಳು. ಯಾವ ದೇವರಿಗೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಯಹೂದಿಗಳಲ್ಲಿ ಇದಕ್ಕೇ ಒಂದು ಪ್ರಾರ್ಥನೆ ಇದೆ, 'ಅಶೆರ್ ಯತ್ಸರ್' ಅಂತ. ಪಾಯಿಖಾನೆಗೆ ಹೋಗಿ ಬಂದಾಗೆಲ್ಲ ಕೈ ತೊಳೆದು ಹೇಳಬೇಕು. ಮನುಷ್ಯನಲ್ಲಿ ತೂತುಗಳನ್ನೂ ಟೊಳ್ಳುಗಳನ್ನೂ ಇಟ್ಟವನೇ, ಇದರಲ್ಲಿ ಒಂದು ಬಿಚ್ಚಿಕೊಂಡರೂ ಒಂದು ಕಟ್ಟಿಕೊಂಡರೂ ಬದುಕಿ ನಿನ್ನ ಮುಂದೆ ನಿಲ್ಲೋಕಾಗಲ್ಲ. ಇಷ್ಟೇ ಅದರ ಸಾರ. ಎಷ್ಟು ನೇರ ಅಲ್ವಾ?

ಅವರ ಹಳೆಯ ಧರ್ಮಚರ್ಚೆಗಳ ಗ್ರಂಥ ತಾಲ್ಮುಡ್‌ನಲ್ಲಿ ಇನ್ನೊಂದು ಕಥೆ ಇದೆ. ರಬ್ಬಿ (ಧರ್ಮಪಂಡಿತ) ಅಕಿವಾ ತನ್ನ ಗುರು ಯೆಹೋಶುವಾ ಹಿಂದೆಯೇ ಪಾಯಿಖಾನೆಗೆ ಹೋಗುತ್ತಾನೆ. ಯಾವ ದಿಕ್ಕಿಗೆ ಕೂರಬೇಕು, ಕೂತ ಮೇಲೇ ಬಟ್ಟೆ ಸರಿಸಬೇಕು, ಎಡಗೈಯಲ್ಲೇ ಒರೆಸಬೇಕು, ಇಷ್ಟು ಕಲಿತು ಬರುತ್ತಾನೆ. ಗುರುವಿನ ಜೊತೆ ಇಷ್ಟೊಂದು ಸಲಿಗೆಯಾ ಅಂತ ಕೇಳಿದರೆ, 'ಇದೂ ತೋರಾ, ಕಲೀಲೇಬೇಕಿತ್ತು' ಅನ್ನುತ್ತಾನೆ. ತೋರಾ ಅಂದರೆ ಅವರ ಧರ್ಮದ ಪವಿತ್ರ ಬೋಧನೆ. ಎಡಗೈ ವಿಷಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.

1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಯೋಸೆಫ್ ಕಾರೊನ 'ಶುಲ್ಹಾನ್ ಅರುಖ್' ಇವತ್ತಿಗೂ ಅವರ ಮುಖ್ಯ ಧರ್ಮಶಾಸ್ತ್ರ. ಅದು ಶುರುವಾಗೋದೇ ಬೆಳಗ್ಗೆ ಏಳೋದರಿಂದ. ಎರಡನೇ ಅಧ್ಯಾಯ ಬಟ್ಟೆ, ಮೂರನೆಯದು ಪಾಯಿಖಾನೆ. ಬರಿಮೈಯಲ್ಲಿ ಎದ್ದು ಕೂತು ಅಂಗಿ ಹಾಕಬಾರದು, ಮಲಗಿದ್ದಾಗಲೇ ತೋಳು ತೂರಿಸಿಕೊಳ್ಳಬೇಕು. ಒಳಕೋಣೆಯಲ್ಲಿದ್ದೀನಿ, ಯಾರು ನೋಡ್ತಾರೆ ಅನ್ನಬಾರದು. ಚಪ್ಪಲಿಗೂ ನಿಯಮ ಇದೆ: ಮೊದಲು ಬಲಗಾಲಿಗೆ ಹಾಕಬೇಕು, ದಾರ ಮಾತ್ರ ಎಡಗಾಲಿನದು ಮೊದಲು ಕಟ್ಟಬೇಕು.

ಅತಿ ಅನಿಸುತ್ತೆ, ಒಪ್ಪಿದೆ. ಆದರೆ ಒಂದು ಗಮನಿಸಿ. ಇಲ್ಲಿ ಮರ್ಯಾದೆ ಅಂದರೆ ಯಾರೂ ನೋಡದಾಗ ನಾನು ಹೇಗಿರ್ತೀನಿ ಅನ್ನೋದು. ಈಗ ಯಹೂದಿಗಳಲ್ಲೇ ಕಟ್ಟಾ ಸಂಪ್ರದಾಯಸ್ಥರ ಬಾಯಲ್ಲಿ ಮರ್ಯಾದೆಯ ಮಾತು ಬಂದರೆ ಹೆಣ್ಣಿನ ತೋಳು, ಮಂಡಿ, ಕೂದಲಿನ ಲೆಕ್ಕವೇ ಜಾಸ್ತಿ. 2015ರಲ್ಲಿ ಭಯೋತ್ಪಾದನೆ ವಿರುದ್ಧ ಪ್ಯಾರಿಸ್‌ನಲ್ಲಿ ನಡೆದ ಮೆರವಣಿಗೆಯ ಫೋಟೋದಿಂದ ಇಸ್ರೇಲಿನ ಅಂಥದ್ದೊಂದು ಪತ್ರಿಕೆ ಜರ್ಮನಿಯ ಆಗಿನ ಚಾನ್ಸಲರ್ ಅಂಗೆಲಾ ಮರ್ಕೆಲ್‌ರನ್ನೇ ಅಳಿಸಿಹಾಕಿತ್ತು. ಕೋಟು ಹಾಕಿಕೊಂಡಿದ್ದ ಹೆಂಗಸನ್ನ! ಗಂಡಸಿಗೆ 'ಮೊದಲು ನಿನ್ನ ಅಂಗಿ ನೆಟ್ಟಗೆ ಹಾಕು' ಅಂದಿದ್ದ ಆ ಎರಡನೇ ಅಧ್ಯಾಯ ಎಲ್ಲಿ ಹೋಯ್ತೋ.

ಆ ಪ್ರಾರ್ಥನೆಯನ್ನು ಮೊನ್ನೆ ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಬರೆದವನಿಗೂ ಟ್ಯೂಬ್ ಹಾಕಿದ್ರು ಅನ್ಸುತ್ತೆ ಕಣೋ' ಅಂದರು.