ದಿಕ್ಕು ತೋರಿಸಿದವರನ್ನು ಮರೆತುಬಿಟ್ಟೆವು

ಇವತ್ತು ಮತ್ತೆ ಅದೇ ಫಾರ್ವರ್ಡ್ ಬಂತು. ನಿಮ್ಮ ಮೊಬೈಲಿಗಿಂತ ದುರ್ಬಲವಾದ ಕಂಪ್ಯೂಟರ್ ಇಟ್ಟುಕೊಂಡು ಮನುಷ್ಯ ಚಂದ್ರನ ಮೇಲಿಳಿದ, ಅಂತ. ಸುಳ್ಳಲ್ಲ. ಆದರೂ ಓದಿದಾಗೆಲ್ಲ ಮೈ ಉರಿಯುತ್ತೆ. ಟೂಲ್‌ರೂಮಿನಲ್ಲೇ ಕೂದಲು ಬೆಳ್ಳಗಾದವನು ನಾನು, ನಿಮಗೆ ಗೊತ್ತು. ಮೈಕ್ರಾನ್ ಲೆಕ್ಕದಲ್ಲಿ ಲೋಹ ಉಜ್ಜಿದವರ ಮಾತು ಯಾಕೆ ಯಾರೂ ಎತ್ತಲ್ಲ?

ಕಂಪ್ಯೂಟರ್ ಲೆಕ್ಕ ಹಾಕುತ್ತೆ, ಸರಿ. ರಾಕೆಟ್ ಎತ್ತ ವಾಲಿದೆ, ಎಷ್ಟು ವೇಗ ಏರಿದೆ ಅಂತ ಅದಕ್ಕೆ ಹೇಳೋರು ಯಾರು? ಮನುಷ್ಯನನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್-5 ರಾಕೆಟ್ಟಿನಲ್ಲಿ ಹೇಳಿದ್ದು ಎಸ್‌ಟಿ-124 ಅನ್ನೋ ಜೈರೊ ಪ್ಲಾಟ್‌ಫಾರ್ಮ್, ಅಂದರೆ ತಿರುಗುವ ಚಕ್ರಗಳ (ಜೈರೊ) ಬಲದಿಂದ ಒಂದೇ ದಿಕ್ಕಿಗೆ ನಿಲ್ಲುವ ಪೀಠ. ಮೂರನೇ ಹಂತದ ನೆತ್ತಿಯ ಮೇಲೆ 6.6 ಮೀಟರ್ ಅಗಲದ ಉಂಗುರ, ಅದರೊಳಗೆ ಇದರ ಜಾಗ. ಗಿರಗಿರ ತಿರುಗುವ ಚಕ್ರವನ್ನು ಹೊತ್ತ ಸಿಲಿಂಡರ್ ತೇಲುತ್ತಿದ್ದದ್ದು ನೈಟ್ರೋಜನ್ ಅನಿಲದ ತೆಳು ಪದರದ ಮೇಲೆ. ಲೋಹಕ್ಕೆ ಲೋಹ ತಾಗಿದರೆ ತಿಕ್ಕಾಟ, ತಿಕ್ಕಾಟವಾದರೆ ಜೈರೊ ದಿಕ್ಕು ಜಾರುತ್ತೆ. ಆ ಸಂದು ಕೂರಿಸೋದು ಎಂಥ ಕೆಲಸ ಅಂತ ಬೇರಿಂಗ್ ಮುಟ್ಟಿದವರನ್ನು ಕೇಳಿ!

ಉಡಾವಣೆಗೆ ಮುಂಚೆ ನೆಲದ ಮೇಲಿನ ಥಿಯೊಡೊಲೈಟ್ (ಕೋನ ಅಳೆಯುವ ದೂರದರ್ಶಕ), ಉಂಗುರದ ಕಿಟಕಿಯೊಳಗೆ ಇಣುಕಿ ಪ್ಲಾಟ್‌ಫಾರ್ಮಿನ ಪ್ರಿಸಮ್ ನೋಡಿ ದಿಕ್ಕು ಹೊಂದಿಸುತ್ತಿತ್ತು. ಹಾರೋಕೆ ಸುಮಾರು 17 ಸೆಕೆಂಡ್ ಇರುವಾಗ ಆ ಹಿಡಿತ ಬಿಟ್ಟರೆ ಮುಗೀತು. ಆಮೇಲೆ ದಿಕ್ಕು ನೆನಪಿಟ್ಟುಕೊಳ್ಳೋದು ಅದರದೇ ಜವಾಬ್ದಾರಿ.

1969ರ ನವೆಂಬರ್ 14. ಅಪೊಲೊ 12 ಮೇಲೆದ್ದು ನಿಮಿಷ ತುಂಬೋದ್ರೊಳಗೆ ಎರಡು ಸಲ ಸಿಡಿಲು ಬಡೀತು. ಫಾರ್ವರ್ಡ್ ಹೊಗಳುವ ಕಂಪ್ಯೂಟರ್ ಇದ್ದ ಕಮಾಂಡ್ ಮಾಡ್ಯೂಲ್‌ನಲ್ಲೇ, ಅಂದರೆ ಗಗನಯಾತ್ರಿಗಳು ಕೂತ ಕೋಣೆಯಲ್ಲೇ, ಇದ್ದ ಬೇರೊಂದು ಜೈರೊ ಪ್ಲಾಟ್‌ಫಾರ್ಮ್ ದಿಕ್ಕು ಕಳಕೊಂಡಿತು. ಕೆಳಗೆ ಉಂಗುರದಲ್ಲಿದ್ದ ಎಸ್‌ಟಿ-124 ಮಾತ್ರ ಜಗ್ಗಲಿಲ್ಲ. ರಾಕೆಟ್ ನೆಟ್ಟಗೆ ಕಕ್ಷೆ ಸೇರಿತು. ಗಗನಯಾತ್ರಿಗಳು ನಕ್ಷತ್ರ ನೋಡಿ ತಮ್ಮ ಪ್ಲಾಟ್‌ಫಾರ್ಮ್ ಸರಿಮಾಡಿಕೊಂಡದ್ದು ಕಕ್ಷೆಗೆ ಹೋದಮೇಲೆ.

ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದಲ್ಲಿ ಕೂತಿದ್ದ ಜಾನ್ ಆರನ್ ಸರಿಯಾದ ಸ್ವಿಚ್ ಹೇಳಿದ್ದಕ್ಕೇ ಎಲ್ಲ ಉಳಿಯಿತು ಅಂತೀರಾ? ಆ ಮನುಷ್ಯನಿಗೆ ಕೈಮುಗಿಯುತ್ತೇನೆ. ಆದರೆ ಆ ಸ್ವಿಚ್‌ನಿಂದ ವಾಪಸ್ ಬಂದದ್ದು ಟೆಲಿಮೆಟ್ರಿ, ಅಂದರೆ ನೌಕೆಯಿಂದ ನೆಲಕ್ಕೆ ಬರುವ ಮಾಹಿತಿ. ಅಷ್ಟು ಹೊತ್ತೂ ರಾಕೆಟ್ಟನ್ನು ದಾರಿ ತಪ್ಪದಂತೆ ಹಿಡಿದಿದ್ದು ಈ ಪ್ಲಾಟ್‌ಫಾರ್ಮ್.

ಈ ವಿದ್ಯೆಯ ಬೇರು ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಿದ್ದ ಜರ್ಮನಿಯ ವಿ-2 ಕ್ಷಿಪಣಿಯಲ್ಲಿದೆ. ಆ ನೋವನ್ನೂ ಮುಚ್ಚಿಡೋದು ಬೇಡ, ಇತಿಹಾಸ ಹೇಳೋದಾದರೆ ಪೂರ್ತಿ ಹೇಳಿ.

ಫಾರ್ವರ್ಡ್ ಮಾಡೋರು ಮಾಡಿ. ಕೆಳಗೆ ಒಂದು ಸಾಲು ಸೇರಿಸಿ: ರಾಕೆಟ್ಟಿಗೆ ದಿಕ್ಕು ತೋರಿಸಿದ್ದು ಎಸ್‌ಟಿ-124, ಅದನ್ನು ಮಾಡಿದ್ದು ಬೆಂಡಿಕ್ಸ್ ಕಂಪನಿಯ ಕೆಲಸಗಾರರು.