ಸೀಟಿಗೆ ಎಣ್ಣೆ ಕುಡಿಸುವವರ ಗಮನಕ್ಕೆ

ಲೆದರ್ ಸೀಟಿಗೆ ವಯಸ್ಸಾಯಿತು ಎಂದು ಮೊದಲು ಸಾರುವುದು ಡ್ರೈವರ್ ಸೀಟಿನ ಬಾಗಿಲ ಕಡೆಯ ಉಬ್ಬು. ಕಾರಿನಿಂದ ಯಾರೂ ಇಳಿಯುವುದಿಲ್ಲ, ಜಾರುತ್ತಾರೆ. ಜೀನ್ಸ್ ಪ್ಯಾಂಟಿನ ಲೋಹದ ಗುಂಡಿ, ಬೆಲ್ಟಿನ ಬಕಲ್ಲು, ಜೇಬಿನ ಬೀಗದ ಕೈ ಎಲ್ಲ ಸೇರಿ ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ಅದನ್ನೇ ಕೆರೆಯುತ್ತವೆ. ಹಿಂದಿನ ಸೀಟು ಮಾತ್ರ ಇದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಹೊಸದಾಗೇ ಇರುತ್ತದೆ.

ಉಬ್ಬು ಬಣ್ಣ ಬಿಟ್ಟದ್ದು ಕಂಡ ಕೂಡಲೇ ಸುತ್ತಲಿನವರೆಲ್ಲ ವೈದ್ಯರಾಗುತ್ತಾರೆ. “ಪಾಪ, ಚರ್ಮ ಒಣಗಿದೆ, ಎಣ್ಣೆ ಕುಡಿಸಿ” ಎನ್ನುವುದು ಮೊದಲ ಚೀಟಿ. ಕುಡಿಯಲು ಬಾಯಿ ಎಲ್ಲಿದೆ? ಈಗಿನ ಬಹುತೇಕ ಕಾರುಗಳಲ್ಲಿ ಚರ್ಮದ ಮೇಲೆ ಬಣ್ಣದ ಪದರ, ಅದರ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ತೆಳು ಹೊದಿಕೆ. ಸವೆದಿರುವುದು ಸಾಮಾನ್ಯವಾಗಿ ಇವೇ, ಚರ್ಮವಲ್ಲ. ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಹಾಗೇ ನಿಂತರೆ ಹೊದಿಕೆ ಇನ್ನೂ ಇದೆ. ಹೀರಿಕೊಂಡು ಕಪ್ಪಾದರೆ ಹೊದಿಕೆ ಹೋಗಿದೆ, ಇಲ್ಲವೇ ಆ ಚರ್ಮಕ್ಕೆ ಮೊದಲಿನಿಂದಲೂ ಇರಲಿಲ್ಲ. ಹನಿ ನಿಲ್ಲುವ ಸೀಟಿಗೆ ಎಣ್ಣೆ ಸವರುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಣ್ಣೆ ಮೇಲೇ ನಿಂತು ಧೂಳು ಹಿಡಿದು ಅಂಟಂಟಾಗುತ್ತದೆ, ಮುಂದೆ ಹಚ್ಚುವ ಬಣ್ಣವನ್ನು ಕೂರಲು ಬಿಡುವುದಿಲ್ಲ. ಶೂ ಪಾಲಿಶ್ ಇನ್ನೂ ಉದಾರಿ: ಸೀಟಿಗಿಂತ ಹೆಚ್ಚು ಪ್ಯಾಂಟಿಗೆ ಬಣ್ಣ ಕೊಡುತ್ತದೆ. ಅಂದಹಾಗೆ, ಎಷ್ಟೋ ‘ಲೆದರ್ ಸೀಟು’ಗಳಲ್ಲಿ ಕೂರುವ, ಒರಗುವ ಜಾಗವಷ್ಟೇ ಲೆದರ್, ಪಕ್ಕ ಮತ್ತು ಹಿಂಭಾಗ ರೆಕ್ಸಿನ್. ಅದಕ್ಕೂ ಭಕ್ತಿಯಿಂದ ಚರ್ಮ ಮೆದುಗೊಳಿಸುವ ಕಂಡೀಷನರ್ ತಿಕ್ಕುವವರಿದ್ದಾರೆ.

ಸವೆತ ಎಂದುಕೊಂಡದ್ದರಲ್ಲಿ ಅರ್ಧ ಬರೀ ಕೊಳೆ ಇರಬಹುದು. ವ್ಯಾಕ್ಯೂಮ್ ಮಾಡಿ, ಪಿಎಚ್ ಸಮತೋಲದ ಲೆದರ್ ಕ್ಲೀನರನ್ನು ಸೀಟಿಗಲ್ಲ, ಮೆತ್ತನೆಯ ಬ್ರಷ್ಷಿಗೆ ಹಾಕಿಕೊಂಡು ನೊರೆ ಬರಿಸಿ ಅಂಗೈಯಗಲ ಜಾಗವನ್ನಷ್ಟೇ ಉಜ್ಜಿ, ಒಣಗುವ ಮೊದಲೇ ಒರೆಸಿ. ತೂತುತೂತಿನ ಲೆದರ್ ಆದರೆ ಇನ್ನೂ ಜೋಪಾನ: ತೂತಿಗಿಳಿದ ನೀರು ಸ್ಪಂಜಿನಲ್ಲಿ ಕೂತು ವಾಸನೆ ಹಿಡಿಯುತ್ತದೆ. ಬಟ್ಟೆ ಸೋಪಿನ ಕ್ಷಾರ ಚರ್ಮಕ್ಕೆ ಆಗದು. ಕಲೆ ಮಾಯ ಮಾಡುವ ಬಿಳಿ ಮೆಲಮಿನ್ ಸ್ಪಂಜು ಕಲೆಯ ಜೊತೆ ಹೊದಿಕೆಯನ್ನೂ ಮಾಯ ಮಾಡುತ್ತದೆ. ಅದು ನಯವಾದ ಉಪ್ಪುಕಾಗದವೇ.

ಕೊಳೆ ಹೋದ ಮೇಲೂ ಬೆಳ್ಳಗಿದ್ದರೆ ಲೆದರ್ ಬಣ್ಣ ಹಚ್ಚಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್ ತೇವದ ಬಟ್ಟೆಯಿಂದ ಜಿಡ್ಡು ತೆಗೆದು, 600ರಿಂದ 800 ನಂಬರಿನ ಉಪ್ಪುಕಾಗದವನ್ನು ಮುದ್ದು ಮಾಡಿದಷ್ಟೇ ಹಗುರವಾಗಿ ಆಡಿಸಿ, ಪುಡಿ ಒರೆಸಿ. ಬಣ್ಣ ಹೊಂದಿಸುವುದು ತೊಳೆದ ಸೀಟಿಗೆ. ಕೊಳಕು ಸೀಟಿಗೆ ಹೊಂದಿಸಿದರೆ ಕೊಳೆಯ ಬಣ್ಣವೇ ಕಾಯಂ ಆಗುತ್ತದೆ. ಹಸಿ ಬಣ್ಣವನ್ನು ನಂಬಬೇಡಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ, ಒಣಗಿದ ಮೇಲೆ ಹಗಲ ಬೆಳಕಿನಲ್ಲಿ ನೋಡಿ. ಆಮೇಲೆ ಸ್ಪಂಜಿನ ತುಂಡಿನಿಂದ ತಟ್ಟಿ ತಟ್ಟಿ ತೆಳುವಾಗಿ ನಾಲ್ಕೈದು ಕೋಟು, ನಡುನಡುವೆ ಹೇರ್ ಡ್ರೈಯರ್. ಮೊದಲ ಕೋಟು ನೋಡಿದರೆ ಎದೆ ಧಸಕ್ಕೆನ್ನುವಷ್ಟು ಮಚ್ಚೆಮಚ್ಚೆಯಾಗಿರುತ್ತದೆ. ಗೋಡೆಗೆ ಬಳಿದು ರೂಢಿಯಾದ ಕೈ ಇಲ್ಲೇ ಒಮ್ಮೆಗೇ ದಪ್ಪಗೆ ಬಳಿದುಬಿಡುತ್ತದೆ. ದಪ್ಪ ಬಣ್ಣ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗೇ ಉಳಿಯುತ್ತದೆ, ಯಾರೋ ಕೂತು ಮಡಿಕೆ ಬಿದ್ದ ಕಡೆ ಸೀಳುತ್ತದೆ. ಕೊನೆಗೆ ಮ್ಯಾಟ್ ಟಾಪ್‌ಕೋಟ್, ಅಂದರೆ ಬಣ್ಣ ಕಾಯುವ ಹೊಳಪಿಲ್ಲದ ಮೇಲ್ಪದರ, ಎರಡು ಸಲ, ಮತ್ತೆ 24 ಗಂಟೆ ಯಾರೂ ಕೂರುವಂತಿಲ್ಲ. ಒಣಗಿದೆಯೇ ಎಂದು ಬೆರಳಿಟ್ಟು ನೋಡುವವರು ಆ 24 ಗಂಟೆಯಲ್ಲೇ ಬರುತ್ತಾರೆ.

ಹರಿದ ಸೀಟಿಗೆ ಸೂಪರ್ ಗ್ಲೂ ಹಾಕಬೇಡಿ. ಅದು ಗಾಜಿನಂತೆ ಗಟ್ಟಿಯಾಗುತ್ತದೆ. ಚರ್ಮ ಬಗ್ಗುತ್ತದೆ, ಅದು ಬಗ್ಗದು, ಪಕ್ಕದಲ್ಲೇ ಹೊಸ ಸೀಳು ಏಳುತ್ತದೆ. ಹರಿದ ಜಾಗಕ್ಕಿಂತ ಎಲ್ಲ ಕಡೆ ಒಂದು ಸೆಂಟಿಮೀಟರ್ ದೊಡ್ಡದಾದ ಬಟ್ಟೆಯ ತೇಪೆಯನ್ನು ಚಿಮುಟದಿಂದ ಒಳಗೆ ತೂರಿಸಿ, ಬಗ್ಗುವ ಲೆದರ್ ಅಂಟಿನಿಂದ ಕೂರಿಸಿ, ಮೇಲೆ ಸಂದು ತುಂಬುವ ಲೆದರ್ ಫಿಲ್ಲರನ್ನು ತೆಳುವಾಗಿ ಒಂದೊಂದೇ ಪದರ ತುಂಬಿ ಉಜ್ಜಿ, ನಂತರ ಬಣ್ಣ. ಹೊಲಿಗೆ ಬಿಟ್ಟಿದ್ದರೆ ಬಾಗಿದ ಸೂಜಿ, ಗಟ್ಟಿ ಪಾಲಿಯೆಸ್ಟರ್ ದಾರ, ಹಳೆಯ ತೂತುಗಳೇ. ಹೊಸ ತೂತು ಎಂದರೆ ಹರಿಯಲು ಹೊಸ ದಾರಿ. ಆದರೆ ಒರಗುವ ಭಾಗದ ಪಕ್ಕದಲ್ಲಿ ಏರ್‌ಬ್ಯಾಗ್ ಚೀಟಿ ಕಂಡರೆ ಸೂಜಿ ಕೆಳಗಿಡಿ. ಆ ಹೊಲಿಗೆ ಬೇಕೆಂದೇ ಬಿಚ್ಚಿಕೊಳ್ಳುವಂತೆ ಮಾಡಿದ್ದು, ಭದ್ರವಾಗಿ ಹೊಲಿದರೆ ಅಪಘಾತದಲ್ಲಿ ಬ್ಯಾಗು ಸರಿಯಾಗಿ ಹೊರಬರದೆ ಹೋಗಬಹುದು. ಅದು ತರಬೇತಿ ಪಡೆದವರ ಕೆಲಸ.

ತಿಳಿ ಬಣ್ಣದ ಸೀಟಿನ ಪಾಡು ಬೇರೆಯೇ. ಹೊಸ ಜೀನ್ಸಿನ ನೀಲಿ ಹತ್ತಿದರೆ ಆ ವಾರವೇ ಕ್ಲೀನರಿನಿಂದ ಒರೆಸಿ. ತಿಂಗಳುಗಟ್ಟಲೆ ಬಿಟ್ಟರೆ ಬಣ್ಣ ಹೊದಿಕೆಯೊಳಗೆ ಇಳಿದು ಯಾವ ಕ್ಲೀನರಿಗೂ ಜಗ್ಗುವುದಿಲ್ಲ. ಆಮೇಲೆ ಉಳಿಯುವ ದಾರಿ ಎರಡೇ: ಉಪ್ಪುಕಾಗದ ಹಿಡಿದು ಮೊದಲಿನಿಂದ ಬಣ್ಣ ಹಚ್ಚುವುದು, ಇಲ್ಲವೇ ಅದೇ ಜೀನ್ಸ್ ತೊಟ್ಟು ಉಳಿದ ನಾಲ್ಕು ಸೀಟುಗಳನ್ನೂ ನೀಲಿ ಮಾಡುವುದು.