ಮೇಷ್ಟ್ರ ಕಿವಿ

ನಮ್ಮ ಮನೆಯ ನಾಯಿಯ ಹೆಸರು ಮೇಷ್ಟ್ರು. ಕರೆತಂದ ದಿನ ಬೇರೇನೋ ಹೆಸರಿಡುವ ಯೋಚನೆಯಿತ್ತು. ಆದರೆ ಎರಡು ತಿಂಗಳ ಆ ಮರಿ ನಡುಮನೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತು, ಒಂದು ಕಿವಿಯನ್ನು ನಿಮಿರಿಸಿ ಇನ್ನೊಂದನ್ನು ಮಡಚಿಕೊಂಡು, ಮನೆಪಾಠ ಬರೆಯದೆ ಬಂದ ಹುಡುಗರನ್ನು ನೋಡುವ ಹಾಗೆ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ದಿಟ್ಟಿಸಿದಾಗ ಅಮ್ಮನ ಬಾಯಿಂದ ‘ಏನು ಮೇಷ್ಟ್ರೇ’ ಎಂಬ ಮಾತು ತಾನಾಗಿ ಬಂತು. ಹೆಸರು ಅಲ್ಲಿಗೆ ನಿಂತಿತು. ಮೇಷ್ಟ್ರು ಎಂದ ಮೇಲೆ ಏಕವಚನಕ್ಕೆ ನಾಲಿಗೆ ಹೊರಳುವುದಾದರೂ ಹೇಗೆ? 13 ವರ್ಷ ನಾವು ಅವರನ್ನು ಬಹುವಚನದಲ್ಲೇ ನಡೆಸಿಕೊಂಡೆವು. ಮೇಷ್ಟ್ರು ಹಾಲು ಕುಡಿದರು, ಮೇಷ್ಟ್ರು ಇವತ್ತು ಸ್ನಾನಕ್ಕೆ ಒಪ್ಪಲಿಲ್ಲ ಎಂಬ ಮಾತುಗಳು ಮನೆಯೊಳಗೆ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಒಮ್ಮೆ ಕಚೇರಿಯಲ್ಲಿದ್ದಾಗ ಮನೆಯಿಂದ ಬಂದ ಫೋನಿಗೆ ನಾನು, ‘ಮತ್ತೆ ಸೋಫಾದ ಮೇಲೆ ಉಚ್ಚೆ ಹೊಯ್ದರೇ ಮೇಷ್ಟ್ರು? ಕಿವಿ ಹಿಡಿದು ಹೊರಗೆ ಕಳಿಸು’ ಎಂದದ್ದನ್ನು ಕೇಳಿಸಿಕೊಂಡ ಸಹೋದ್ಯೋಗಿಯೊಬ್ಬರು, ವಯಸ್ಸಾದ ಗುರುಗಳನ್ನು ಮನೆಯಲ್ಲಿಟ್ಟುಕೊಂಡು ಇಂಥ ಗತಿ ಕಾಣಿಸುವವನು ಇವನೆಂದು ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು.

ಮೇಷ್ಟ್ರು ತೀರಿಕೊಂಡು ವರ್ಷವಾಗುತ್ತ ಬಂದಾಗ, ಅವರ ಮುಖದ ಆಕಾರದಲ್ಲಿ ಕುಕಿ ಮಾಡಿ ಅವರನ್ನು ಬಲ್ಲವರಿಗೆಲ್ಲ ಹಂಚೋಣವೆಂದು ಮಗಳು ಹೇಳಿದಳು. ಬಿಸ್ಕತ್ತಿಗೂ ಕುಕಿಗೂ ಏನು ವ್ಯತ್ಯಾಸವೆಂದು ಕೇಳಿದ್ದಕ್ಕೆ, ‘ನೀನು ಮಾಡಿದರೆ ಬಿಸ್ಕತ್ತು ಅಪ್ಪ, ಚೆನ್ನಾಗಿ ಮಾಡಿದರೆ ಕುಕಿ’ ಎಂದಳು. ಬಲ್ಲವರ ಪಟ್ಟಿ ಬರೆದು ನೋಡಿದರೆ ಅದರಲ್ಲಿದ್ದವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಮೇಷ್ಟ್ರಿಂದ ನೊಂದವರೇ: ಬಲಗಾಲಿನ ಚಪ್ಪಲಿಯನ್ನಷ್ಟೇ ನಾಲ್ಕು ಸಲ ಕಳೆದುಕೊಂಡ ಪಕ್ಕದ ಮನೆಯವರು, ಕಾಗದವನ್ನು ಗೇಟಿನಾಚೆಯಿಂದ ಎಸೆಯುವುದರಲ್ಲಿ ಪರಿಣತಿ ಪಡೆದ ಅಂಚೆಯವರು, ಹೆಬ್ಬೆರಳಿನಲ್ಲಿ ಇಂದಿಗೂ ಸಣ್ಣ ಗುರುತೊಂದನ್ನು ಹೊತ್ತಿರುವ ಪಶುವೈದ್ಯರು. ಹೆಂಡತಿ ಒಂದೇ ಒಂದು ಷರತ್ತು ಹಾಕಿದಳು: ‘ಅಡುಗೆಮನೆ ಬಿಟ್ಟುಕೊಡುತ್ತೇನೆ. ಹೇಗಿತ್ತೋ ಹಾಗೆಯೇ ವಾಪಸು ಬೇಕು, ಅಷ್ಟೇ ರೀ.’

ನನಗೆ ಅಡುಗೆ ಬರುತ್ತದೆ ಎಂಬ ನಂಬಿಕೆ ನನ್ನಲ್ಲಿ ಬೆಳೆಯಲು ಮೇಷ್ಟ್ರೇ ಕಾರಣರೆಂಬುದನ್ನು ಇಲ್ಲಿ ಹೇಳಬೇಕು. ನಾನು ಸೀದು ಹಾಕಿದ್ದು, ಉಪ್ಪು ಮರೆತದ್ದು, ಅರ್ಧ ಬೆಂದದ್ದು, ಇವುಗಳಲ್ಲಿ ನಾಯಿಯ ಹೊಟ್ಟೆಗೆ ಕೇಡಲ್ಲದ್ದೆಲ್ಲವೂ ಅವರ ತಟ್ಟೆ ಸೇರಿ, ಎರಡು ನಿಮಿಷದಲ್ಲಿ ಸಾಕ್ಷ್ಯಾಧಾರವಿಲ್ಲದೆ ಮುಗಿದುಹೋಗುತ್ತಿತ್ತು. ನೆಲಕ್ಕೆ ಬಿದ್ದ ಚೂರಂತೂ ನೆಲ ಮುಟ್ಟಿದ ದಾಖಲೆಯೇ ಇಲ್ಲ. ನಾಯಿಯ ಮೂಗಿನಲ್ಲಿ ವಾಸನೆಯನ್ನು ಹಿಡಿಯುವ ಗ್ರಾಹಕಗಳು 30 ಕೋಟಿಯವರೆಗೂ ಇರುತ್ತವೆ, ಮನುಷ್ಯನಿಗಿರುವುದು ಸುಮಾರು 60 ಲಕ್ಷ ಎಂದು ಓದಿದ್ದೇನೆ. ಮೇಷ್ಟ್ರಿಗೆ ಅದರ ಜೊತೆಗೆ ಡಬ್ಬಿಯ ಮುಚ್ಚಳದ ಸದ್ದನ್ನು ಹಿಡಿಯುವ ಇನ್ನೊಂದು ಇಂದ್ರಿಯವೂ ಇತ್ತು. ರಾತ್ರಿ ಎದ್ದು ಒಂದು ಬಿಸ್ಕತ್ತು ತಿನ್ನಬೇಕೆಂದರೆ ಮುಚ್ಚಳಕ್ಕೆ ಒರೆಸುವ ಬಟ್ಟೆ ಸುತ್ತಿ, ಉಸಿರು ಬಿಗಿಹಿಡಿದು, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಸಡಿಲಿಸಿ ತೆರೆಯಬೇಕಾಗಿತ್ತು. ಅಷ್ಟು ಮಾಡಿ ತಿರುಗಿದರೆ ಬಾಗಿಲ ಬಳಿ ಕತ್ತಲಲ್ಲಿ ಒಂದು ನಿಮಿರಿದ ಕಿವಿ, ಒಂದು ಮಡಚಿದ ಕಿವಿ.

ಆ ಕಿವಿಗಳಿಂದಲೇ ಕೆಲಸ ಆರಂಭದಲ್ಲೇ ನಿಂತಿತು. ಮಗಳು ತಂದಿದ್ದ ಪ್ರಾಣಿಗಳ ಅಚ್ಚುಗಳಲ್ಲಿ ಆನೆ, ಮೊಲ, ಬೆಕ್ಕು ಇದ್ದವು. ನಾಯಿಯೂ ಇತ್ತು, ಆದರೆ ಅದಕ್ಕೆ ಎರಡು ಕಿವಿಗಳೂ ಜೋತುಬಿದ್ದಿದ್ದವು. ಇದು ಮೇಷ್ಟ್ರಲ್ಲ, ಯಾರೋ ಬದಲಿ ಶಿಕ್ಷಕರು ಎಂದು ಅಮ್ಮ ತಳ್ಳಿಹಾಕಿದರು. ಹಾಗಾದರೆ ದಪ್ಪ ರಟ್ಟಿನಲ್ಲಿ ಅವರ ಮುಖವನ್ನು ಕತ್ತರಿಸಿ, ಲಟ್ಟಿಸಿದ ಹಿಟ್ಟಿನ ಮೇಲಿಟ್ಟು ಚಾಕುವಿನಿಂದ ಸುತ್ತ ಕೊಯ್ಯುವುದೆಂದಾಯಿತು. ನಿಮಿರಿದ್ದು ಯಾವ ಕಿವಿ? ಎಡಗಿವಿ ಎಂದು ಹೆಂಡತಿ, ಬಲಗಿವಿ ಎಂದು ಅಮ್ಮ. ಫೋಟೋ ತೆಗೆದು ನೋಡಿದರೆ ನಮ್ಮ ಬಲಕ್ಕಿರುವುದು ಅವರ ಎಡ. ಇನ್ನೊಂದು ಫೋಟೋ ಮಗಳು ಕನ್ನಡಿಯಲ್ಲಿ ತೆಗೆದದ್ದು, ಅದರಲ್ಲಿ ಎಲ್ಲವೂ ತಿರುಗುಮುರುಗು. ನಮ್ಮ ಎಡವೋ, ಅವರ ಎಡವೋ, ಕನ್ನಡಿಯ ಎಡವೋ ಎಂದು 13 ವರ್ಷ ದಿನವೂ ಕಂಡ ಮುಖದ ಬಗ್ಗೆ ಮುಕ್ಕಾಲು ಗಂಟೆ ವಾದ ನಡೆಯಿತು. ಹಸಿ ಹಿಟ್ಟಿನ ಮುಖವನ್ನು ಮಗುಚಿ ಹಾಕಿದರೆ ಎಡ ಬಲವಾಗುತ್ತದೆ ಎಂದು ಮಗಳು ತೋರಿಸಿಕೊಟ್ಟ ಮೇಲೆ, ಅರ್ಧ ಬಿಸ್ಕತ್ತು ಅಮ್ಮನ ಪಕ್ಷದಲ್ಲಿ, ಅರ್ಧ ಹೆಂಡತಿಯ ಪಕ್ಷದಲ್ಲಿ ಎಂದು ರಾಜಿಯಾಯಿತು.

ಲೆಕ್ಕ ಸರಳವಾಗಿತ್ತು. ತೂಕದಲ್ಲಿ ಮೂರು ಪಾಲು ಮೈದಾ, ಎರಡು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ. ಮೊದಲ ಟ್ರೇಯ ಬಗ್ಗೆ ಹೆಚ್ಚು ಹೇಳುವ ಇಷ್ಟವಿಲ್ಲ. ಪಾಕವಿಧಾನದಲ್ಲಿ 350 ಡಿಗ್ರಿ ಎಂದಿತ್ತು, ನಮ್ಮ ಓವನ್ನಿನ ತಿರುಗುಗುಂಡಿ 250ಕ್ಕೇ ನಿಂತುಬಿಡುತ್ತಿತ್ತು. ಇರುವ ಶಾಖವೇ ಕಡಿಮೆಯೆಂದು ನಾನು ಅದನ್ನು ಕೊನೆಯವರೆಗೂ ತಿರುಗಿಸಿ, ಕೊರತೆ ತುಂಬಲು ಐದು ನಿಮಿಷ ಹೆಚ್ಚು ಬಿಟ್ಟೆ. ಆ 350 ಫ್ಯಾರನ್‌ಹೀಟಿನದು, ನಮ್ಮ ಲೆಕ್ಕದಲ್ಲಿ ಸುಮಾರು 177 ಸೆಲ್ಸಿಯಸ್ ಮಾತ್ರ ಎಂಬುದು ಹೊಗೆ ಇಳಿದ ಮೇಲೆ ತಿಳಿಯಿತು.

ಎರಡನೆಯ ಟ್ರೇಗೆ ಶಾಖ ಸರಿಯಾಗಿತ್ತು. ಹಿಟ್ಟನ್ನು ಅರ್ಧ ಗಂಟೆಯಾದರೂ ಫ್ರಿಜ್ಜಿನಲ್ಲಿಟ್ಟು ಆಮೇಲೆ ಬೇಯಿಸಬೇಕು ಎಂದಿದ್ದ ಸಾಲನ್ನು ಮಾತ್ರ ನಾನು ಬಿಡುವಿದ್ದವರಿಗೆ ಬರೆದದ್ದೆಂದು ಭಾವಿಸಿದೆ. ಜೊತೆಗೆ, ಮೇಷ್ಟ್ರ ಕೆನ್ನೆ ಸ್ವಲ್ಪ ಉಬ್ಬಿಕೊಂಡಿರಲಿ ಎಂಬ ಪ್ರೀತಿಯಿಂದ ಯಾರೂ ಹೇಳದಿದ್ದರೂ ಅರ್ಧ ಚಮಚ ಬೇಕಿಂಗ್ ಪೌಡರ್ ಸೇರಿಸಿದೆ. ಹನ್ನೆರಡು ಮುಖಗಳನ್ನು ಒತ್ತೊತ್ತಾಗಿ ಜೋಡಿಸಿ ಓವನ್ನಿನೊಳಗಿಟ್ಟು, ಗಾಜಿನ ಬಾಗಿಲಿನ ಮುಂದೆ ನಾನೂ ಮಗಳೂ ಕುಳಿತೆವು. ಮೂರನೆಯ ನಿಮಿಷಕ್ಕೆ ಮುಖಗಳು ಹೊಳೆಯತೊಡಗಿದವು. ಐದನೆಯ ನಿಮಿಷಕ್ಕೆ ನಿಮಿರಿದ ಕಿವಿಗಳ ತುದಿ ದುಂಡಗಾಗಿ, ನಿದ್ದೆ ಹತ್ತಿದವರ ತಲೆಯಂತೆ ಪಕ್ಕಕ್ಕೆ ವಾಲಿದವು. ಎಂಟನೆಯ ನಿಮಿಷಕ್ಕೆ ಮೊದಲ ಸಾಲಿನ ಮೇಷ್ಟ್ರು ಎರಡನೆಯ ಸಾಲಿನ ಮೇಷ್ಟ್ರ ಹೆಗಲ ಮೇಲೆ ಕೆನ್ನೆಯಿಟ್ಟರು. ಹೊರಗೆ ತೆಗೆದಾಗ ಹನ್ನೆರಡು ಮೇಷ್ಟ್ರುಗಳು ಒಂದಾಗಿ, ಟ್ರೇಯ ನಾಲ್ಕೂ ಅಂಚು ಮುಟ್ಟುವ ಒಂದೇ ಹಾಳೆಯಾಗಿದ್ದರು. ‘ಇದು ಮೇಷ್ಟ್ರಲ್ಲ ಕಣೋ, ಶಿಕ್ಷಕರ ಸಂಘ’ ಎಂದರು ಅಮ್ಮ.

ಆದದ್ದು ಇಷ್ಟು. ಬೆಣ್ಣೆ ಕರಗಲು 32ರಿಂದ 35 ಡಿಗ್ರಿ ಸಾಕು. ನಮ್ಮ ಮೈಯ ಬಿಸಿಯೇ ಅದಕ್ಕಿಂತ ಹೆಚ್ಚು. ಮೈದಾ ಗಟ್ಟಿಕೊಂಡು ಆಕಾರವನ್ನು ಹಿಡಿದು ನಿಲ್ಲಿಸಬೇಕಾದರೆ 60 ಡಿಗ್ರಿಯನ್ನಾದರೂ ದಾಟಬೇಕು. ಈ ಎರಡರ ನಡುವಿನ ಕೆಲವು ನಿಮಿಷಗಳಲ್ಲಿ ಬಿಸ್ಕತ್ತಿಗೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಹಿಟ್ಟು ತಣ್ಣಗಿದ್ದರೆ ಬೆಣ್ಣೆ ತಡವಾಗಿ ಕರಗಿ ಆ ಅವಧಿ ಕಿರಿದಾಗುತ್ತದೆ. ನಾನು ಎರಡು ಗಂಟೆ ಕೈಯಲ್ಲಿ ನಾದಿ, ಎಡ ಬಲ ಎಂದು ಮಗುಚಿ, ಬೆಣ್ಣೆಯನ್ನು ಅರ್ಧ ಕರಗಿಸಿಯೇ ಒಳಗೆ ಕಳಿಸಿದ್ದೆ; ಉಳಿದ ಕಡೆಗೆ ಹರಡಲು ಬೇಕಿಂಗ್ ಪೌಡರಿನ ಗಾಳಿ ನೆರವಾಗಿತ್ತು.

ಮೂರನೆಯ ಸಲ ಹಿಟ್ಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟೆ. ಕತ್ತರಿಸಿದ ಮುಖಗಳನ್ನೂ ಟ್ರೇ ಸಮೇತ ಹದಿನೈದು ನಿಮಿಷ ಇಟ್ಟೆ. ಮೇಷ್ಟ್ರ ಮೈ ಗೋಧಿ ಬಣ್ಣ, ಕಿವಿ ಮಾತ್ರ ಕಪ್ಪು. ಆದ್ದರಿಂದ ಸ್ವಲ್ಪ ಹಿಟ್ಟಿಗೆ ಕೋಕೋ ಪುಡಿ ಬೆರೆಸಿ ಕಿವಿಗಳನ್ನು ಬೇರೆಯಾಗಿ ಮಾಡಿ, ನೀರು ಹಚ್ಚಿ ಅಂಟಿಸಿದೆ. ಬೆಂದು ಬಂದಾಗ ನಮ್ಮ ಕಣ್ಣನ್ನೇ ನಾವು ನಂಬಲಿಲ್ಲ. ಅಂಚು ಅಂಚಾಗಿಯೇ, ಕಿವಿ ಕಿವಿಯಾಗಿಯೇ ಉಳಿದಿದ್ದವು. ಹೆಂಡತಿ ಬಂದು ನೋಡಿ, ಏನೂ ಅನ್ನದೆ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಮಡಚಿದ ಕಿವಿಯ ಹಿಂಭಾಗವನ್ನು ಸವರಿದಳು. ಮೇಷ್ಟ್ರಿಗೆ ತುರಿಸುತ್ತಿದ್ದ ಜಾಗ ಅದು. ಆಗ ಮಗಳು ಕೇಳಿದಳು: ‘ಅಪ್ಪ, ಕೋಕೋ ಮೇಷ್ಟ್ರಿಗೆ ಆಗುತ್ತಿರಲಿಲ್ಲ ಅಲ್ವಾ?’

ಆಗುತ್ತಿರಲಿಲ್ಲ. ಕೋಕೋದಲ್ಲಿರುವ ಥಿಯೋಬ್ರೊಮಿನ್ ಎಂಬ ವಸ್ತುವನ್ನು ನಾಯಿಯ ದೇಹ ಬಹಳ ನಿಧಾನವಾಗಿ ಕರಗಿಸುತ್ತದೆ. ಹೆಚ್ಚಾದರೆ ಅದು ಎದೆಬಡಿತಕ್ಕೇ ಕುತ್ತು, ಅದರಲ್ಲೂ ಪುಡಿಯಲ್ಲಿ ಅದರ ಪ್ರಮಾಣ ಹಾಲಿನ ಚಾಕೊಲೇಟಿಗಿಂತ ಎಷ್ಟೋ ಹೆಚ್ಚು. 13 ವರ್ಷ ಮನೆಯಲ್ಲಿ ಚಾಕೊಲೇಟನ್ನು ಕಪಾಟಿನ ಮೇಲುಗಡೆ ಬೀಗ ಹಾಕಿ ಇಟ್ಟಿದ್ದ ನಾವು, ಅವರ ನೆನಪಿಗೆಂದು ಮಾಡಿದ ತಿಂಡಿಗೆ ಅವರದೇ ವಿಷವನ್ನು, ಅದೂ ಅವರದೇ ಕಿವಿಗೆ ಬಳಿದಿದ್ದೆವು. ಈಗ ತಿನ್ನುವವರು ಮನುಷ್ಯರೇ ಅಲ್ಲವೇ ಎಂದು ನಾನು ವಾದಿಸಿ ನೋಡಿದೆ. ತರ್ಕದಲ್ಲಿ ಲೋಪವಿರಲಿಲ್ಲ, ಆದರೂ ಮೂವರು ಹೆಂಗಸರು ನನ್ನನ್ನು ನೋಡಿದ ನೋಟಕ್ಕೆ ನಾನು ಮತ್ತೆ ಮೈದಾ ಜರಡಿ ಹಿಡಿಯಲು ಕುಳಿತೆ.

ನಾಲ್ಕನೆಯ ಸಲ ಕಿವಿಗಳಿಗೆ ಹಾಲು ಸವರಿದೆವು. ಹಾಲಿನ ಪ್ರೋಟೀನೂ ಸಕ್ಕರೆಯೂ ಶಾಖದಲ್ಲಿ ಬೆರೆತು ಕಂದುಬಣ್ಣ ತಾಳುವುದನ್ನು 1912ರಲ್ಲಿ ವಿವರಿಸಿದವನು ಲೂಯಿ ಕಮಿಲ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ. ಮೈಯಾರ್ ಮಹಾಶಯರ ಕೃಪೆಯಿಂದ ಕಿವಿ ಕಪ್ಪಾಗದಿದ್ದರೂ ಕಂದಾಯಿತು. ಬಣ್ಣ ಇನ್ನಷ್ಟು ಏರಲೆಂದು ನಾನು ಕಾದ ಆರು ನಿಮಿಷಗಳಲ್ಲಿ ಬಿಸ್ಕತ್ತು ಕಲ್ಲಾಯಿತು. ನಾಯಿಗಳ ಬಿಸ್ಕತ್ತನ್ನು 19ನೆಯ ಶತಮಾನದಲ್ಲಿ ವ್ಯಾಪಾರಕ್ಕೆ ತಂದ ಜೇಮ್ಸ್ ಸ್ಪ್ರಾಟ್ ಎಂಬಾತನಿಗೆ ಅದು ಹೊಳೆದದ್ದು, ಹಡಗಿನವರು ಎಸೆದ ಕಲ್ಲುಬಿಸ್ಕತ್ತನ್ನು ಬಂದರಿನ ನಾಯಿಗಳು ಕಡಿಯುವುದನ್ನು ನೋಡಿ ಎಂಬ ಕಥೆಯಿದೆ. ಅವನು ನಮ್ಮ ಟ್ರೇಯನ್ನು ಕಂಡಿದ್ದರೆ ಬಂದರಿನವರೆಗೆ ಹೋಗಬೇಕಿರಲಿಲ್ಲ.

ಹಿಟ್ಟು ಮುಗಿದಿತ್ತು, ಸಂಜೆಯಾಗಿತ್ತು. ಅದನ್ನೇ ಪೊಟ್ಟಣ ಕಟ್ಟಿ ಹಂಚಿದೆವು. ಪಕ್ಕದ ಮನೆಯವರು ‘ಕರಡಿ ಮುದ್ದಾಗಿದೆ’ ಎಂದರು. ಅಂಚೆಯವರು ಪೊಟ್ಟಣವನ್ನು ಗೇಟಿನಾಚೆಯಿಂದಲೇ ಪಡೆದುಕೊಂಡು, ಇದು ಯಾವ ರಾಜ್ಯದ ನಕ್ಷೆ ಎಂದು ವಿಚಾರಿಸಿದರು. ಪಶುವೈದ್ಯರು ಮಾತ್ರ ತಮ್ಮ ಹೆಬ್ಬೆರಳನ್ನೊಮ್ಮೆ ನೋಡಿಕೊಂಡು, ‘ಮೇಷ್ಟ್ರಲ್ಲವೇ’ ಎಂದರು. ನಮ್ಮ ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ಕಚ್ಚಿ ನೋಡಿದ ಮೇಲೆ ಗುರುತು ಸಿಕ್ಕಿತು ಎಂದು ಅವರೇ ವಿವರಿಸಿದರು.

ಮನೆಗೆ ಬಂದರೆ ಅಡುಗೆಮನೆಯ ನೆಲದ ಮೇಲೆ ಇರುವೆಗಳ ಸಾಲು. ಅಷ್ಟು ಚೂರು ಬೀಳಿಸುವ ಕುಟುಂಬ ನಮ್ಮದೆಂದು ನಮಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನಾನು ಪೊರಕೆ ಹಿಡಿದು ಗುಡಿಸಿದೆ; ಓವನ್ನಿನ ಕಾಲಿನ ಸಂದಿಯಿಂದ, ಫ್ರಿಜ್ಜಿನ ಅಡಿಯಿಂದ, ಬಾಗಿಲ ಹಿಂದಿನಿಂದ ಮೊರದ ತುಂಬ ಬಂತು. ಸುಟ್ಟ ಮೊದಲ ಟ್ರೇ, ಸಂಘದ ಹಾಳೆ, ಕೋಕೋ ಕಿವಿಯ ಹನ್ನೆರಡು ಮುಖ, ಹಂಚಿ ಉಳಿದ ಕಲ್ಲುಬಿಸ್ಕತ್ತು, ಎಲ್ಲವೂ ಮೇಜಿನ ಮೇಲೆ ಸಾಲಾಗಿ ಕುಳಿತು ನನ್ನನ್ನೇ ನೋಡುತ್ತಿದ್ದವು. ಇಷ್ಟನ್ನು ಸದ್ದಿಲ್ಲದೆ ಇಲ್ಲವಾಗಿಸಬಲ್ಲವರು ಮನೆಯಲ್ಲಿ ಒಬ್ಬರೇ ಇದ್ದರು. ಕರಿಕಲನ್ನೂ ಸಂಘವನ್ನೂ ಕಸಕ್ಕೆ ಹಾಕಿ, ಕೋಕೋ ಕಿವಿಯವನ್ನು ಬಿಸಾಡಲು ಯಾರಿಗೂ ಮನಸ್ಸಾಗದೆ ಡಬ್ಬಿಗೆ ತುಂಬಿ ಮಲಗಿದೆವು.

ನಡುರಾತ್ರಿ ಎಚ್ಚರವಾಗಿ ಅಡುಗೆಮನೆಗೆ ಹೋದೆ. ದೀಪ ಹಾಕಿರಲಿಲ್ಲ. ಕಟ್ಟೆಯ ಬಳಿ ಹೆಂಡತಿ ನಿಂತಿದ್ದಳು; ಡಬ್ಬಿಯನ್ನು ಎದೆಗೊತ್ತಿಕೊಂಡು, ಮುಚ್ಚಳಕ್ಕೆ ಒರೆಸುವ ಬಟ್ಟೆ ಸುತ್ತಿ, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಸಡಿಲಿಸುತ್ತಿದ್ದಳು. ನನ್ನನ್ನು ಕಂಡವಳೇ ತುಟಿಯ ಮೇಲೆ ಬೆರಳಿಟ್ಟು, ಒಂದನ್ನು ನನಗೆ ಕೊಟ್ಟಳು. ಇಬ್ಬರೂ ಬಾಗಿಲಿಗೆ ಬೆನ್ನು ಹಾಕಿ ನಿಂತು, ಆದಷ್ಟು ಸದ್ದಾಗದಂತೆ ಅಗಿದೆವು.